ಕಡಿದ ನರವೂ ಕಾಯಲಾರದ ಸ್ನಾಯುವೂ

ಒಡೆದ ಗಾಜಿನ ಲೋಟದಿಂದ ಮಣಿಕಟ್ಟು ಕೊಯ್ದುಕೊಳ್ಳುವುದು ಹೋಟೆಲು ಕಸುಬಿನಲ್ಲಿ ಅಪರೂಪವಲ್ಲ. ರಕ್ತ ನಿಂತು ಗಾಯ ಮಾಯ್ದರೆ ಎಲ್ಲವೂ ಸರಿಹೋಯಿತೆಂದು ತಿಳಿಯುವುದೂ ವಾಡಿಕೆ. ಆದರೆ ಒಳಗಿನ ನರವೂ ಕಡಿದಿದ್ದರೆ ಬೆರಳಿಗೆ ಸ್ಪರ್ಶಜ್ಞಾನ ತಪ್ಪುತ್ತದೆ. ಹೆಬ್ಬೆರಳ ಬುಡದ ಸ್ನಾಯು ಸೊರಗುತ್ತದೆ. ಕೈಯ ದುಡಿಮೆಯನ್ನೇ ನಂಬಿದ ನಮ್ಮವರು ಈ ವಿಷಯವನ್ನು ತುಸು ಅರಿತಿರುವುದು ಒಳ್ಳೆಯದೆಂದು ನಾವು ಬಗೆಯುತ್ತೇವೆ.

ನರವು ವಿದ್ಯುತ್ ತಂತಿಯಂತಲ್ಲ. ತುದಿಗಳನ್ನು ಜೋಡಿಸಿದೊಡನೆ ದೀಪ ಉರಿಯದು. ಕಡಿದ ಜಾಗದಿಂದ ಮುಂದಿನ ತಂತುಗಳು ಅಳಿದುಹೋಗುವುವೆಂಬುದನ್ನು ಆಂಗ್ಲ ವಿಜ್ಞಾನಿ ಆಗಸ್ಟಸ್ ವಾಲರ್ 1850ರಲ್ಲಿಯೇ ಕಪ್ಪೆಯ ನಾಲಗೆಯ ನರಗಳಿಂದ ತೋರಿಸಿದನು. ಉಳಿದ ಬುಡದಿಂದ ಹೊಸ ಚಿಗುರು ಹೊರಟು, ಹಳೆಯ ಕೊಳವೆಗಳೊಳಗೆ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಸಾಗಬೇಕು. 10 ಸೆಂಟಿಮೀಟರು ದಾರಿಗೆ ನೂರು ದಿನಗಳು. ತೋಳಿನ ಮೇಲ್ಭಾಗದಲ್ಲಿ ಕಡಿದರೆ ಅಂಗೈ ತಲಪಲು ವರ್ಷಕ್ಕೂ ಮಿಕ್ಕಿದ ಕಾಲ.

ಈ ಚಿಗುರನ್ನು ಪೋಷಿಸಿ ನಡೆಸುವವು ವೃದ್ಧಿಕಾರಕಗಳೆಂಬ ಪ್ರೋಟೀನುಗಳು. ನರಗಳ ವೃದ್ಧಿಕಾರಕವನ್ನು ಮೊದಲು ಕಂಡವರು ಇಟಲಿಯ ರೀಟಾ ಲೆವಿ-ಮೊಂಟಾಲ್ಚಿನಿ. 1938ರ ಯೆಹೂದ್ಯವಿರೋಧಿ ಶಾಸನಗಳು ಕೆಲಸ ಕಸಿದುಕೊಂಡಾಗ ಆಕೆ ಟ್ಯೂರಿನ್ನಿನ ತಮ್ಮ ಮಲಗುವ ಕೋಣೆಯನ್ನೇ ಪ್ರಯೋಗಶಾಲೆಯಾಗಿಸಿ, ಕೋಳಿಮೊಟ್ಟೆಯ ಭ್ರೂಣಗಳನ್ನು ಅಭ್ಯಸಿಸಿದರು. ಯುದ್ಧಾನಂತರ ಅಮೆರಿಕದ ಸೇಂಟ್ ಲೂಯಿಯಲ್ಲಿ ಆಕೆಯೂ ಸ್ಟಾನ್ಲಿ ಕೊಹೆನರೂ ಆ ಕಾರಕವನ್ನು ಬೇರ್ಪಡಿಸಿದರು. 1986ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಆ ಕಾರಕವು ಸಲಹುವುದು ಮುಖ್ಯವಾಗಿ ನೋವನ್ನರಿಯುವ ನರಗಳನ್ನು. ಸ್ನಾಯುಗಳನ್ನಾಳುವ ನರಗಳಿಗೆ ಬಲವಾದ ಪೋಷಣೆ ನೀಡುವ ಜಿ.ಡಿ.ಎನ್.ಎಫ್. ಎಂಬುದು ಬೆಳಕಿಗೆ ಬಂದದ್ದು 1993ರಲ್ಲಿ. ಗಾಯವಾದೊಡನೆ ನರದ ಸುತ್ತಲಿನ ಶ್ವಾನ್ ಕೋಶಗಳು ಇಂಥವನ್ನು ತಾವೇ ಹೆಚ್ಚಾಗಿ ಸ್ರವಿಸುತ್ತವೆ. ಆದರೆ ತಿಂಗಳುಗಳು ಕಳೆದಂತೆ ಆ ಒರತೆ ಬತ್ತುತ್ತದೆ. ಅತ್ತ ನರವಿಲ್ಲದ ಸ್ನಾಯುವೂ ಬಹುಕಾಲ ಕಾಯಲಾರದು: ಒಂದು, ಒಂದೂವರೆ ವರ್ಷ ಮೀರಿದರೆ ಅದರಲ್ಲಿ ಕೊಬ್ಬೂ ನಾರೂ ತುಂಬಿ, ನರ ಬಂದು ಮುಟ್ಟಿದರೂ ಶಕ್ತಿ ಮರಳುವುದು ಕಷ್ಟ.

ಹಾಗಾದರೆ ಕಾರಕವನ್ನೇ ಚುಚ್ಚಬಾರದೇ ಎಂದು ವಾಚಕರು ಕೇಳಬಹುದು. ಇಲಿಗಳಲ್ಲಿ ಒಂದೇ ಕಡೆ ಜಿ.ಡಿ.ಎನ್.ಎಫ್. ಅತಿಯಾದಾಗ ಚಿಗುರುಗಳು ಅಲ್ಲಿಯೇ ಸುರುಳಿ ಸುತ್ತಿಕೊಂಡು ಮುಂದೆ ಸಾಗಲೇ ಇಲ್ಲ! ಕಣ್ಣಿನ ಒಂದು ರೋಗಕ್ಕೆ ನರವೃದ್ಧಿಕಾರಕದ ಹನಿಗಳಿಗೆ 2018ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿದೆಯಾದರೂ, ಕಡಿದ ಕೈನರಕ್ಕೆ ಅಂಥ ರೂಢಿಯ ಔಷಧವಿನ್ನೂ ಬಂದಿಲ್ಲ.

ಆದುದರಿಂದ ಕಾಲವೇ ಇಲ್ಲಿ ಮುಖ್ಯ. ಕೈ ಕೊಯ್ದಮೇಲೆ ಬೆರಳು ಮರಗಟ್ಟಿದರೆ, ಇಲ್ಲವೇ ಹೆಬ್ಬೆರಳು ಕಿರುಬೆರಳನ್ನು ಮುಟ್ಟಲಾರದಾದರೆ, ಬರಿಯ ಪಟ್ಟಿ ಕಟ್ಟಿ ಸುಮ್ಮನಿರದೆ ಅಂದೇ ಆಸ್ಪತ್ರೆಗೆ ಹೋಗಬೇಕು. ನರ ಕಡಿದಿದೆಯೇ ಎಂದು ಸ್ಪಷ್ಟವಾಗಿ ಕೇಳಬೇಕು. ಕಡಿದಿದ್ದರೆ ದಿನಗಳೊಳಗೆ ಹೊಲಿಸಿಕೊಳ್ಳುವುದು ಲೇಸು. ಬಳಿಕ ವೈದ್ಯರು ಹೇಳಿದ ವ್ಯಾಯಾಮವನ್ನು ಬೇಸರಿಸದೆ ಮಾಡಬೇಕು. ಸ್ಪರ್ಶವಿಲ್ಲದ ಬೆರಳು ಕಾದ ಕಾವಲಿಯ ಬಿಸಿಯನ್ನೂ ಅರಿಯದು. ಅಂಥವರನ್ನು ಗುಣವಾಗುವ ತನಕ ಒಲೆಯ ಬಳಿಯಿಂದ ತಪ್ಪಿಸಿ ಬೇರೆ ಕೆಲಸಕ್ಕೆ ಹಚ್ಚುವುದು ಮಾಲಿಕರ ಕರ್ತವ್ಯವೆಂದು ನಾವು ಒತ್ತಿ ಹೇಳುತ್ತೇವೆ.