ಬಿ.ಸಿ. ರೋಡಿನಿಂದ ಬಾವುಟಗುಡ್ಡದವರೆಗೆ: ಊರಿನ ಹೆಸರುಗಳು ಹೇಳುವ ಚರಿತ್ರೆ

ಮಂಗಳೂರಿಗೆ ಹೆಸರುಗಳ ಬರವಿಲ್ಲ. ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ, ಮಲಯಾಳದಲ್ಲಿ ಮಂಗಲಾಪುರಂ. ಇಂಗ್ಲಿಷಿನವರ ಬಾಯಲ್ಲಿ ಮ್ಯಾಂಗಲೋರ್ ಆಗಿದ್ದದ್ದು 2014ರ ನವೆಂಬರ್ 1ರಿಂದ ಸರಕಾರಿ ಕಾಗದಗಳಲ್ಲಿ ಮಂಗಳೂರು ಆಯಿತು. ಹೆಸರು ತಿದ್ದಿದ್ದರಿಂದ ಯಾರ ಮನೆಯ ದಾರಿಯೂ ತಪ್ಪಲಿಲ್ಲ. ಆದರೆ ಒಂದು ಬೀದಿಯ, ಒಂದು ಗುಡ್ಡದ, ಒಂದು ಶಾಲೆಯ ಹೆಸರು ಅಳಿದರೆ ಆ ಹೆಸರಿನೊಳಗೆ ಇದ್ದ ಸಂಗತಿಯೂ ಅಳಿಯುತ್ತದೆ. ನಮ್ಮ ಧರ್ಮಕೇಂದ್ರಗಳಲ್ಲಿ ಜುಬಿಲಿಯ ಸ್ಮರಣ ಸಂಚಿಕೆ ತರುವವರು, ವಾಡೆಯ ಗುರ್ಕಾರರು, ಶಾಲೆಗಳ ಮುಖ್ಯೋಪಾಧ್ಯಾಯರು ಈ ವಿಷಯವನ್ನು ಸ್ವಲ್ಪ ಗಮನಿಸಿದರೆ ಒಳ್ಳೆಯದೆಂಬ ಉದ್ದೇಶದಿಂದ ಈ ಲೇಖನ.

ಮೊದಲು ರಸ್ತೆಗಳ ವಿಷಯ. ಬಸ್ಸಿನ ಫಲಕದ ಮೇಲೆ ನಾವು ದಿನಾ ಓದುವ 'ಬಿ.ಸಿ. ರೋಡ್' ಎಂಬುದು ಒಂದು ಊರಿನ ಹೆಸರೇ ಅಲ್ಲ. ಅದು 'ಬಂಟ್ವಾಳ ಕ್ರಾಸ್ ರೋಡ್' ಎಂಬುದರ ಸಂಕ್ಷೇಪ. ನೇತ್ರಾವತಿಯ ದಡದ ಬಂಟ್ವಾಳ ಪೇಟೆ ದೊಡ್ಡ ವ್ಯಾಪಾರ ಸ್ಥಳವಾಗಿದ್ದಾಗ ಹೆದ್ದಾರಿಯಿಂದ ಅಲ್ಲಿಗೆ ತಿರುಗುವ ಜಾಗ ಇದು. ಇಂದು ಪೇಟೆಗಿಂತ ಕ್ರಾಸೇ ದೊಡ್ಡದಾಗಿ ಬೆಳೆದಿದೆ. ಹೆಸರು ಮಾತ್ರ ಹಳೆಯ ಲೆಕ್ಕವನ್ನು ಬಿಟ್ಟಿಲ್ಲ. ಅಲ್ಲೇ ಹತ್ತಿರ ಒಂದು ಕೈಕಂಬ ಇದೆ, ಗುರುಪುರದ ಬಳಿ ಇನ್ನೊಂದು, ಸುಬ್ರಹ್ಮಣ್ಯದ ದಾರಿಯಲ್ಲಿ ಮತ್ತೊಂದು. ಕವಲುದಾರಿಯಲ್ಲಿ ಕೈಚಾಚಿ ದಿಕ್ಕು ತೋರಿಸುವ ಕಂಬವೇ ಕೈಕಂಬ. ಕಂಬಗಳು ಎಂದೋ ಮಾಯವಾದವು. ಆದರೂ ನಮ್ಮ ಜಿಲ್ಲೆಯಲ್ಲಿ ಎಲ್ಲೆಲ್ಲಿ ಹಳೆಯ ದಾರಿಗಳು ಕವಲೊಡೆಯುತ್ತಿದ್ದವು ಎಂದು ತಿಳಿಯಲು ಕೈಕಂಬಗಳನ್ನು ಲೆಕ್ಕ ಹಾಕಿದರೆ ಸಾಕು.

ಹಾಗೆಯೇ 'ಚೌಕಿ' ಎಂದರೆ ಕಾವಲು ಅಥವಾ ಸುಂಕದ ಠಾಣೆ. ಕೊಟ್ಟಾರ ಚೌಕಿಯಲ್ಲಿ ಇಂದು ಸಿಗ್ನಲಿಗೆ ನಿಲ್ಲುವವರು ಒಂದು ಕಾಲದಲ್ಲಿ ಸುಂಕಕ್ಕೆ ನಿಲ್ಲಬೇಕಾಗಿತ್ತು ಎಂದು ಹೆಸರೇ ಹೇಳುತ್ತದೆ. ಬಜ್ಪೆಯ ಕಡೆ ಸುಂಕದಕಟ್ಟೆ ಇದೆ. 'ಕಟ್ಟೆ' ಎಂದರೆ ದಾರಿಹೋಕರು ಹೊರೆ ಇಳಿಸಿ ಕೂರುವ ಜಾಗ. ಹಂಪನಕಟ್ಟೆಯ ಬಗ್ಗೆ ಹಿರಿಯರು ಹೇಳುವ ಕಥೆ ಎಲ್ಲರಿಗೂ ಗೊತ್ತಿರುವುದೇ: ಅಪ್ಪಣ್ಣ ಎಂಬ ವೃದ್ಧರು ಅಲ್ಲಿ ಕೂತು ದಣಿದು ಬಂದವರಿಗೆ ನೀರು ಕೊಡುತ್ತಿದ್ದರಂತೆ, ಅಪ್ಪಣ್ಣನ ಕಟ್ಟೆಯೇ ಹಂಪನಕಟ್ಟೆ ಆಯಿತಂತೆ. ಇದಕ್ಕೆ ದಾಖಲೆ ಕೇಳಿದರೆ ಯಾರೂ ಕೊಡಲಾರರು. ಆದರೆ ಊರಿನ ಅತಿ ದೊಡ್ಡ ವ್ಯಾಪಾರದ ವೃತ್ತಕ್ಕೆ ಯಾವ ದೊರೆಯ ಹೆಸರೂ ಇಲ್ಲದೆ ನೀರು ಕೊಟ್ಟವರ ಹೆಸರು ಉಳಿಯಿತು ಎಂದು ಜನ ನಂಬಿರುವುದೇ ಒಂದು ವಿಶೇಷ.

ಫರಂಗಿಪೇಟೆಯ ಮಾತು ಬೇರೆ. ಅಲ್ಲಿ ದಾಖಲೆಗೆ ಕೊರತೆಯಿಲ್ಲ. ಫರಂಗಿಗಳೆಂದರೆ ಪೋರ್ಚುಗೀಸರು. 1526ರಲ್ಲಿ ಅವರ ಕಾಲದಲ್ಲಿ ನೆಲೆಯಾದ ಮೊಂತೆ ಮರಿಯಾನೊ ಮಠದಿಂದಲೇ ನಮ್ಮ ಮೊಂತಿ ಫೆಸ್ತ್ ಬಂದಿತು. 1763ರಲ್ಲಿ ಗೋವಾದ ವಂದನೀಯ ಜೋಕಿಂ ಮಿರಾಂದಾ ಅವರು ಅದನ್ನು ಅಲ್ಲಿ ಆರಂಭಿಸಿದರು. ಹೊಸ ಅಕ್ಕಿಯ ಊಟ ಮಾಡುವ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಹಬ್ಬದ ಹೆಸರು ಹೆದ್ದಾರಿಯ ಪಕ್ಕದ ಆ ಗುಡ್ಡದ್ದೆಂದು ಗೊತ್ತಿದೆ? ವೆಲೆನ್ಸಿಯಾದ ಕಥೆಯೂ ಹೀಗೆಯೇ ಕುತೂಹಲಕರ. ಸಂತ ವಿನ್ಸೆಂಟ್ ಫೆರರ್ ಹುಟ್ಟಿದ್ದು ಸ್ಪೇನಿನ ವೆಲೆನ್ಸಿಯಾದಲ್ಲಿ. ಅವರ ಹೆಸರಿನ ಚರ್ಚ್ ಇರುವ ನಮ್ಮ ಬಡಾವಣೆಯೂ ವೆಲೆನ್ಸಿಯಾ.

ನೆಲದ ಹೆಸರುಗಳನ್ನು ಇನ್ನೂ ಹೆಚ್ಚು ಕಾಳಜಿಯಿಂದ ನೋಡಬೇಕು. ದಕ್ಷಿಣ ಕನ್ನಡದಲ್ಲಿ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುವ ಕ್ರಮವಿತ್ತು. ಬೈಲೆಂದರೆ ನೀರು ನಿಲ್ಲುವ ತಗ್ಗು ನೆಲ, ಮಜಲು ಮಧ್ಯಮ ಎತ್ತರದ್ದು, ಬೆಟ್ಟು ಮಳೆಯನ್ನೇ ನಂಬಿದ ಮೇಲಿನದ್ದು. ಪದವು ಎಂದರೆ ಗುಡ್ಡದ ಮೇಲಿನ ಬಯಲು. ಅಲ್ಲಿದ್ದ ಅಂಗಡಿಯೇ ಪದವಿನಂಗಡಿ. ಕುದ್ರು ಎಂದರೆ ಹೊಳೆಯ ನಡುವಿನ ನೆಲ. 1894ರಲ್ಲಿ ಸ್ಟರಾಕ್ ಎಂಬ ಅಧಿಕಾರಿ ಮದ್ರಾಸ್ ಸರಕಾರಕ್ಕಾಗಿ ಬರೆದ ಸೌತ್ ಕೆನರಾ ಕೈಪಿಡಿಯಲ್ಲೂ ಈ ವಿಂಗಡಣೆ ಇದೆ. ಈಗ ಕೊಡಿಯಾಲಬೈಲಿನಲ್ಲಿ ಗದ್ದೆ ಎಲ್ಲಿದೆ ಎಂದು ಕೇಳಿದರೆ ನಗುವ ಕಾಲ. ಆದರೆ 2018ರ ಮೇ 29ರಂದು ಸುರಿದ ಮಳೆಗೆ ನಗರದ ತಗ್ಗು ಪ್ರದೇಶಗಳಲ್ಲಿ ಮನೆಯೊಳಗೆ, ಅಂಗಡಿಯೊಳಗೆ ನೀರು ನುಗ್ಗಿದಾಗ ಹಳಬರು ಯಾರೂ ಆಶ್ಚರ್ಯಪಡಲಿಲ್ಲ. ಬೈಲು ಎಂದು ಕರೆದವರು ಸುಮ್ಮನೆ ಕರೆದಿರಲಿಲ್ಲ. ಬಡಾವಣೆಗೆ ಸುಂದರವಾದ ಹೊಸ ಹೆಸರಿಟ್ಟು ನಿವೇಶನ ಮಾರುವಾಗ ಕೊಳ್ಳುವವರಿಗೆ ಈ ಒಂದು ಎಚ್ಚರಿಕೆ ಸಿಗದೆ ಹೋಗುತ್ತದೆ. ಜಾಗ ಕೊಳ್ಳಲು ಹೊರಟ ಕುಟುಂಬಗಳಿಗೆ ನನ್ನ ಸಲಹೆ ಇಷ್ಟೇ: ಪಹಣಿ ನೋಡುವಾಗ ಆ ಜಾಗದ ಹಳೆಯ ತುಳು ಹೆಸರನ್ನೂ ಅಕ್ಕಪಕ್ಕದ ಹಿರಿಯರಲ್ಲಿ ಕೇಳಿ ನೋಡಿ.

ಒಂದೇ ಗುಡ್ಡ, ಹಲವು ನೆನಪು

ಮಂಗಳೂರಿನ ನಡುವೆ ಇರುವ ಗುಡ್ಡವೊಂದನ್ನು ನೋಡಿರಿ. 1837ರ ಏಪ್ರಿಲ್‌ನಲ್ಲಿ ಸುಳ್ಯ, ಕೊಡಗಿನ ಕಡೆಯ ರೈತರು ಕೆದಂಬಾಡಿ ರಾಮಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ ಬ್ರಿಟಿಷರ ವಿರುದ್ಧ ದಂಡೆತ್ತಿ ಬಂದು ಸುಮಾರು ಎರಡು ವಾರ ಮಂಗಳೂರನ್ನು ಕೈಯಲ್ಲಿ ಇಟ್ಟುಕೊಂಡಿದ್ದರು. ಅವರು ಬಾವುಟ ಏರಿಸಿದ್ದರಿಂದ ಅದು ಬಾವುಟಗುಡ್ಡ. ದಂಗೆ ಅಡಗಿದ ಮೇಲೆ ಮುಂದಾಳುಗಳಲ್ಲಿ ಕೆಲವರನ್ನು ಗಲ್ಲಿಗೇರಿಸಿದ್ದು ಬಿಕರ್ನಕಟ್ಟೆಯಲ್ಲಿ. ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಹೋಗುವ ಭಕ್ತಾದಿಗಳು ಇಳಿಯುವ ಅದೇ ಬಿಕರ್ನಕಟ್ಟೆ. ಬಾವುಟಗುಡ್ಡದಲ್ಲಿ 2022ರ ನವೆಂಬರಿನಲ್ಲಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ನಿಂತಿತು.

ಅದೇ ಗುಡ್ಡದಲ್ಲಿ ಈದ್ಗಾ ಇದೆ, ಆದ್ದರಿಂದ ಅದು ಈದ್ಗಾ ಗುಡ್ಡವೂ ಹೌದು. ಅಲ್ಲಿ ಹಳೆಯ ದೀಪಸ್ತಂಭವಿದೆ. ಬೆಳಕು ನಿಂತು ಎಷ್ಟೋ ಕಾಲವಾದರೂ ಲೈಟ್ ಹೌಸ್ ಹಿಲ್ ಎಂಬ ಹೆಸರು ನಿಂತಿಲ್ಲ. ಅಲ್ಲೇ ಸಂತ ಅಲೋಶಿಯಸ್ ವಿದ್ಯಾಸಂಸ್ಥೆ ಇದೆ. ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದದ್ದು 1878ರ ವರ್ಷದ ಕೊನೆಯ ದಿನ. ತಮ್ಮ ಮಕ್ಕಳಿಗೆ ಒಂದು ಕಾಲೇಜು ಬೇಕೆಂದು ಇಲ್ಲಿನ ಕಥೊಲಿಕರೇ ರೋಮಿಗೆ ಬರೆದು ಕೇಳಿಕೊಂಡ ಫಲ ಅದು. ಬಂದು ಒಂದು ವರ್ಷ ಕಳೆಯುವಷ್ಟರಲ್ಲಿ, 1880ರ ಜನವರಿಯಲ್ಲಿ, ಕಾಲೇಜು ಆರಂಭವಾಯಿತು. ಗುಡ್ಡದ ಜಾಗವನ್ನು ಲಾರೆನ್ಸ್ ಲೋಬೊ ಪ್ರಭು ಎಂಬ ಸ್ಥಳೀಯ ಜಮೀನ್ದಾರರು ದಾನ ಮಾಡಿದರು. ಅಲ್ಲಿನ ಪ್ರಾರ್ಥನಾಲಯದ ಗೋಡೆ ಮತ್ತು ಮಾಡುಗಳ ಮೇಲೆ ಇಟಲಿಯ ಸಹೋದರ ಅಂಟೋನಿಯೊ ಮೊಸ್ಕೆನಿ ಚಿತ್ರ ಬರೆದದ್ದು 1899ರಿಂದ 1901ರವರೆಗೆ. ಸಂಸ್ಥೆ 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯವಾಗಿದೆ.

ಈ ಗುಡ್ಡದ ರಸ್ತೆಗೆ 2017ರಲ್ಲಿ ಮೂಲ್ಕಿ ಸುಂದರರಾಮ ಶೆಟ್ಟಿಯವರ ಹೆಸರಿಡಲು ಹೊರಟಾಗ ನಗರದಲ್ಲಿ ಪರ ವಿರೋಧ ಎರಡೂ ಜೋರಾದವು. ಹಳೆಯ ಹೆಸರು ಬೇಕೆಂದವರ ಭಾವನೆ ನಮಗೆ ಸುಲಭವಾಗಿ ಅರ್ಥವಾಗುತ್ತದೆ. ಆದರೆ ಇನ್ನೊಂದು ಬದಿಯವರದ್ದೂ ನೆನಪಿನ ಹಂಬಲವೇ ಆಗಿತ್ತು ಎಂಬುದನ್ನು ನಾವು ಒಪ್ಪಬೇಕು. ಶೆಟ್ಟಿಯವರು ಬೆಳೆಸಿದ ವಿಜಯಾ ಬ್ಯಾಂಕ್ 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ್ದು. 2019ರಲ್ಲಿ ಅದು ಬ್ಯಾಂಕ್ ಆಫ್ ಬರೋಡಾದೊಂದಿಗೆ ವಿಲೀನವಾಗಿ ಹೆಸರೇ ಇಲ್ಲವಾಯಿತು. ಮರುವರ್ಷ ಕಾರ್ಪೊರೇಶನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕುಗಳೂ ಹೋದವು. ಹೊಸ ರಸ್ತೆಗೆ ಹೊಸ ಹೆಸರಿಡುವುದು, ಹಳೆಯದನ್ನು ಹಾಗೆಯೇ ಬಿಡುವುದು ಎಂಬ ನಿಯಮ ಇದ್ದಿದ್ದರೆ ಇಂಥ ಜಗಳಕ್ಕೆ ಎಡೆಯೇ ಇರುತ್ತಿರಲಿಲ್ಲ ಎಂದು ನನ್ನ ಅಭಿಪ್ರಾಯ. ಜನರಂತೂ ತಮ್ಮದೇ ದಾರಿ ಹಿಡಿಯುತ್ತಾರೆ. ಅಂಬೇಡ್ಕರ್ ವೃತ್ತಕ್ಕೆ ಬಸ್ಸಿನವರು ಇಂದಿಗೂ ಸಿನಿಮಾ ಮಂದಿರದ ಹೆಸರು ಹಿಡಿದು 'ಜ್ಯೋತಿ' ಎಂದೇ ಕೂಗುತ್ತಾರೆ. ಮಹಾವೀರ ವೃತ್ತವೆಂದರೆ ರಿಕ್ಷಾದವರು ಒಂದು ಕ್ಷಣ ಯೋಚಿಸುತ್ತಾರೆ, ಪಂಪ್‌ವೆಲ್ ಎಂದರೆ ತಕ್ಷಣ ಹೊರಡುತ್ತಾರೆ. ಅಲ್ಲಿನ ಮೇಲ್ಸೇತುವೆ 2020ರ ಜನವರಿಯಲ್ಲಿ ತೆರೆಯುವವರೆಗೆ ನಾವೆಲ್ಲ ಕಾದದ್ದನ್ನು ಬೇರೆ ಹೇಳಬೇಕಾಗಿಲ್ಲ.

ಶಾಲೆಗಳು ಬಂದ ದಾರಿ

ಹಿಂದೆ ಇಲ್ಲಿ ಐಗಳ ಮಠಗಳಿದ್ದವು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದ ಕಾಲ ಅದು. 1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದರು. ಶಾಲೆಯ ಜೊತೆಗೆ ಮುದ್ರಣಾಲಯ, ನೇಯ್ಗೆ, ಹಂಚಿನ ಕಾರ್ಖಾನೆಗಳನ್ನೂ ತಂದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಇಲ್ಲಿಂದಲೇ ಹೊರಟಿತು. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ. ಅಪೊಸ್ತಲಿಕ್ ಕಾರ್ಮೆಲ್ ಧರ್ಮಭಗಿನಿಯರು 1870ರಲ್ಲಿ ಫ್ರಾನ್ಸಿನಿಂದ ಬಂದು ಸಂತ ಆನ್ನರ ಕಾನ್ವೆಂಟಿನಲ್ಲಿ ಹೆಣ್ಣುಮಕ್ಕಳಿಗೆ ಕಲಿಸತೊಡಗಿದರು. ಅದೇ ಸಭೆಯವರು 1921ರಲ್ಲಿ ಬೆಂದೂರಿನಲ್ಲಿ ಸಂತ ಆಗ್ನೆಸ್ ಕಾಲೇಜು ಆರಂಭಿಸಿದರು. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಕೆನರಾ ಹೈಸ್ಕೂಲ್, ಮೂರು ವರ್ಷಗಳ ಬಳಿಕ ಹೆಣ್ಣುಮಕ್ಕಳ ಶಾಲೆಯನ್ನೂ ತೆರೆದರು.

ಇವರೆಲ್ಲರ ಬಗ್ಗೆ ಬರೆಯುವವರು ಇದ್ದಾರೆ. ಕುದ್ಮುಲ್ ರಂಗರಾಯರ ಬಗ್ಗೆ ನಮ್ಮವರು ಬರೆದದ್ದು ಕಡಿಮೆ. 1892ರಲ್ಲಿ ಅವರು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಶಾಲೆ ತೆರೆದಾಗ ಅವರದೇ ಸಮುದಾಯದವರು ಅವರನ್ನು ದೂರವಿಟ್ಟರು. ಬೇರೆ ಶಾಲೆಗಳಿಗೆ ಕಟ್ಟಡದ ಚಿಂತೆ ಇದ್ದರೆ ಅವರಿಗೆ ಕಲಿಸಲು ಒಪ್ಪುವ ಶಿಕ್ಷಕರನ್ನು ಹುಡುಕುವುದೇ ಚಿಂತೆಯಾಗಿತ್ತು. ಮಂಗಳೂರಿನ ಪುರಭವನಕ್ಕೆ ಇಂದು ಅವರ ಹೆಸರಿದೆ. ಅಲ್ಲಿ ನಾಟಕ ನೋಡಲು ಹೋಗುವ ನಮ್ಮ ಯುವಜನರಿಗೆ ಯಾರಾದರೂ ಇದನ್ನು ಹೇಳಬೇಕು.

ಶಾಲೆಯ ಚರಿತ್ರೆ ಬರೆಯುವಾಗ ಇಸವಿಗಳ ವಿಷಯದಲ್ಲಿ ಜಾಗ್ರತೆ ಬೇಕು. ತರಗತಿ ಆರಂಭವಾದ ವರ್ಷ, ಸರಕಾರದ ಮಾನ್ಯತೆ ಸಿಕ್ಕಿದ ವರ್ಷ, ಈಗಿನ ಕಟ್ಟಡ ಎದ್ದ ವರ್ಷ ಮೂರೂ ಬೇರೆ ಬೇರೆ ಇರಬಹುದು. ಮಾಡಿನ ಹಂಚು ತೆಗೆದು ಅಡಿಯಲ್ಲಿ 1865 ಎಂದು ಓದಿ ನಮ್ಮ ಶಾಲೆ ಅಷ್ಟು ಹಳೆಯದೆಂದು ಸಂತೋಷಪಡುವುದುಂಟು. ಅದು ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಸ್ಥಾಪನೆಯಾದ ವರ್ಷವೇ ಹೊರತು ಹಂಚು ಸುಟ್ಟ ವರ್ಷವಲ್ಲ. ಚರ್ಚುಗಳ ಲೆಕ್ಕವೂ ಹಾಗೆಯೇ. ಮಿಲಾಗ್ರಿಸ್ ಚರ್ಚ್ 1680ರದ್ದು. ಧರ್ಮಾಧ್ಯಕ್ಷ ಥಾಮಸ್ ದೆ ಕಾಸ್ತ್ರೊ ಅವರಿಗೆ ಕೆಳದಿಯ ರಾಣಿ ಚೆನ್ನಮ್ಮ ಕೊಟ್ಟ ಜಾಗ. ಆದರೆ ನಾವು ನೋಡುವ ಕಟ್ಟಡ ಇಪ್ಪತ್ತನೆಯ ಶತಮಾನದ್ದು. 1784ರಲ್ಲಿ ಟಿಪ್ಪುವಿನ ಆಜ್ಞೆಯಿಂದ ಚರ್ಚುಗಳು ನೆಲಸಮವಾದ ಮೇಲೆ ಅವುಗಳೊಳಗಿದ್ದ ಪುಸ್ತಕಗಳ ಗತಿಯೇನೆಂದು ಹೇಳಬೇಕಾಗಿಲ್ಲ.

ಆಗ ಹೋದದ್ದು ಬಲಾತ್ಕಾರದಿಂದ. ಈಗ ಹೋಗುತ್ತಿರುವುದು ನಮ್ಮ ಅಲಕ್ಷ್ಯದಿಂದ, ಇದನ್ನು ಸ್ಪಷ್ಟವಾಗಿ ಹೇಳಲೇಬೇಕು. ಧರ್ಮಕೇಂದ್ರಗಳ ಅನುದಾನಿತ ಕನ್ನಡ ಮಾಧ್ಯಮ ಶಾಲೆಗಳು ಮಕ್ಕಳಿಲ್ಲದೆ, ಶಿಕ್ಷಕರ ನೇಮಕವಿಲ್ಲದೆ ಒಂದೊಂದಾಗಿ ಮುಚ್ಚುತ್ತಿವೆ. ಮುಚ್ಚಬೇಕಾದ ಅನಿವಾರ್ಯತೆಯ ಚರ್ಚೆ ಬೇರೆ. ಆದರೆ ಬಾಗಿಲು ಹಾಕಿದ ಮೇಲೆ ಪ್ರವೇಶ ದಾಖಲಾತಿ ಪುಸ್ತಕ ಎಲ್ಲಿದೆ ಎಂದು ಕೇಳಿದರೆ ಹಲವು ಕಡೆ ಸರಿಯಾದ ಉತ್ತರವಿಲ್ಲ. ಆ ದಪ್ಪ ಪುಸ್ತಕದಲ್ಲಿ ಮಗುವಿನ ಹೆಸರು, ಜನನ ದಿನಾಂಕ, ತಂದೆಯ ಹೆಸರು, ಜಾತಿ ಮತ, ಉದ್ಯೋಗ, ಶಾಲೆ ಬಿಟ್ಟ ದಿನ ಮತ್ತು ಕಾರಣ ಎಲ್ಲ ಇರುತ್ತದೆ. ಇದು ಬರೀ ಚರಿತ್ರೆಯ ಸಾಮಗ್ರಿಯಲ್ಲ. ಜಾತಿ ಪ್ರಮಾಣಪತ್ರಕ್ಕೆ, ಪಾಸ್‌ಪೋರ್ಟಿಗೆ, ಪಿಂಚಣಿಗೆ ವಯಸ್ಸಿನ ದಾಖಲೆ ಕೇಳಿದಾಗ ಎಪ್ಪತ್ತು ದಾಟಿದ ಬೀಡಿ ಕಟ್ಟಿದ ಹೆಂಗಸಿಗೆ ಇರುವ ಒಂದೇ ಆಧಾರ ಎರಡನೆಯ ಕ್ಲಾಸಿನವರೆಗೆ ಕಲಿತ ಶಾಲೆಯ ಆ ಒಂದು ಸಾಲು. ಆಕೆ ಕ್ರೈಸ್ತಳೇ ಆಗಿರಬೇಕೆಂದಿಲ್ಲ. ನಮ್ಮ ಶಾಲೆಗಳಲ್ಲಿ ಕಲಿತವರಲ್ಲಿ ಎಲ್ಲ ಮತದವರೂ ಇದ್ದರು. ಅವರ ದೀಕ್ಷಾಸ್ನಾನದ ಪುಸ್ತಕ ನಮ್ಮಲ್ಲಿಲ್ಲ, ಶಾಲೆಯ ಪುಸ್ತಕ ಮಾತ್ರ ಇದೆ.

ಆದ್ದರಿಂದ ಶಾಲೆ ಮುಚ್ಚುವ ಮೊದಲೇ ಸಂಚಾಲಕರಾದ ಗುರುಗಳು ಪ್ರವೇಶ ಪುಸ್ತಕಗಳ ಪ್ರತಿ ಪುಟದ ಫೋಟೊ ತೆಗೆಸಿಟ್ಟು, ಮೂಲ ಪುಸ್ತಕ ಯಾರ ವಶಕ್ಕೆ ಹೋಯಿತು ಎಂದು ಲಿಖಿತವಾಗಿ ಪಡೆದು ಕಚೇರಿಯ ಕಡತದಲ್ಲಿ ಇಡುವುದು ಅಗತ್ಯ. ಕಟ್ಟಡ ಕೆಡವುವಾಗ ಶಿಲಾಫಲಕವನ್ನು ಜೆಸಿಬಿಯವನ ಮರ್ಜಿಗೆ ಬಿಡಬಾರದು. ರಸ್ತೆ ಅಗಲ ಮಾಡುವಾಗ ದಾರಿಬದಿಯ ಖುರ್ಸನ್ನು ಸ್ಥಳಾಂತರಿಸಿದರೆ, ಮೊದಲು ಎಲ್ಲಿತ್ತು ಎಂದು ಹೊಸ ಪೀಠದ ಮೇಲೆ ಒಂದು ಸಾಲು ಕೆತ್ತಿಸಲು ಹೆಚ್ಚು ಖರ್ಚಿಲ್ಲ.

ಇನ್ನು ಸ್ಮರಣ ಸಂಚಿಕೆಗಳ ವಿಷಯ. ನೂರು ಪುಟಗಳ ಸಂಚಿಕೆಯಲ್ಲಿ ಸಂದೇಶಗಳಿಗೆ ಇಪ್ಪತ್ತು, ಜಾಹೀರಾತಿಗೆ ಅರುವತ್ತು, ಊರಿನ ಚರಿತ್ರೆಗೆ ಎರಡು ಪುಟ ಎಂಬ ಈಗಿನ ಕ್ರಮ ಬದಲಾಗಲಿ. ಸಮಿತಿ ರಚಿಸುವಾಗಲೇ, ಹಬ್ಬಕ್ಕೆ ಎರಡು ವರ್ಷ ಮೊದಲೇ, ಪ್ರತಿ ವಾಡೆಯಿಂದ ಇಬ್ಬರು ಯುವಜನರನ್ನು ಆರಿಸಿ ಹಿರಿಯರ ಮನೆಗಳಿಗೆ ಕಳುಹಿಸಿರಿ. ಮನೆತನದ ಚರಿತ್ರೆ ಕೇಳುವುದು ಬೇಡ, ಜಗಳ ಹುಟ್ಟುತ್ತದೆ. ಇಗರ್ಜಿಗೆ ಯಾವ ದಾರಿಯಲ್ಲಿ ನಡೆದು ಬರುತ್ತಿದ್ದಿರಿ, ಹೊಳೆಯನ್ನು ಎಲ್ಲಿ ದಾಟುತ್ತಿದ್ದಿರಿ, ದೋಣಿಯವರು ಯಾರು, ಆ ಗದ್ದೆಗೆ ಏನು ಹೆಸರು, ಶಾಲೆಯಲ್ಲಿ ಜೊತೆಗೆ ಕೂತವರು ಯಾರು ಎಂದು ಕೇಳಿದರೆ ಸಾಕು. ಹೆಸರುಗಳನ್ನು ಅವರು ಉಚ್ಚರಿಸಿದ ಹಾಗೆಯೇ, ತಿದ್ದದೆ, ಕನ್ನಡದಲ್ಲಿ ಬರೆದುಕೊಳ್ಳಿರಿ. ಇದಕ್ಕೆ ಮಳೆಗಾಲ ಒಳ್ಳೆಯದು; ಅಜ್ಜಿಯಂದಿರು ಮನೆಯಲ್ಲೇ ಸಿಗುತ್ತಾರೆ, ಮಾತಾಡಲು ಸಮಯವೂ ಇರುತ್ತದೆ.