ಸ್ಟೀರಾಯ್ಡ್ ಕ್ರೀಮ್: ಹಚ್ಚೋದು ಗೊತ್ತು, ನಿಲ್ಲಿಸೋದು?

ಚರ್ಮ ಕೆಂಪಾಗಿ ತುರಿಕೆ ಶುರುವಾದರೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗೋದು ಡಾಕ್ಟರ್ ಅಲ್ಲ, ಫ್ರಿಜ್ ಬಾಗಿಲಲ್ಲಿ ಬಿದ್ದಿರುವ ಅರ್ಧ ಖಾಲಿಯಾದ ಟ್ಯೂಬು. "ಹೋದ ವರ್ಷ ಅತ್ತಿಗೆಗೆ ಕೊಟ್ಟಿದ್ರಲ್ಲ, ಅದನ್ನೇ ಸ್ವಲ್ಪ ಹಚ್ಕೋ. ಎರಡೇ ದಿನಕ್ಕೆ ಹೋಗುತ್ತೆ" ಅಂತ ಯಾರಾದರೂ ಹೇಳೇ ಹೇಳ್ತಾರೆ. ಹಚ್ಚಿದರೆ ಎರಡೇ ದಿನಕ್ಕೆ ಹೋಗುವುದೂ ನಿಜ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಇನ್ನೊಂದು ಗುಂಪಿನವರೂ ಇದ್ದಾರೆ. ಚೀಟಿಯಲ್ಲಿ ಬರೆದದ್ದು ಸ್ಟೀರಾಯ್ಡ್ ಅಂತ ಗೂಗಲ್‌ನಲ್ಲಿ ನೋಡಿದ ಕೂಡಲೇ ಟ್ಯೂಬನ್ನು ಮುಟ್ಟುವುದೇ ಇಲ್ಲ. ಕೈ ಬಿರುಕು ಬಿಟ್ಟು ರಕ್ತ ಬಂದರೂ ಬರೀ ತೆಂಗಿನೆಣ್ಣೆಯಲ್ಲೇ ದಿನ ದೂಡುತ್ತಾರೆ. ಒಬ್ಬರಿಗೆ ಭಯವೇ ಇಲ್ಲ, ಇನ್ನೊಬ್ಬರಿಗೆ ಬರೀ ಭಯ. ಇಬ್ಬರಿಗೂ ಬೇಕಾಗಿರುವುದು ಒಂದಿಷ್ಟು ಲೆಕ್ಕ.

ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಎಂಜಿನಿಯರ್. ಬೆಂಗಳೂರಿನ ಡಿಸೆಂಬರ್ ಚಳಿ ಬಂತೆಂದರೆ ನನ್ನ ಬೆರಳುಗಳ ಮೇಲೆ ಇಸುಬು, ಅಂದರೆ ಎಸ್ಜಿಮಾ, ಹಾಜರ್. ಹಾಗಾಗಿ ಸ್ಕಿನ್ ಡಾಕ್ಟರ್ ಬಳಿ ಹೋಗಿ, ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳ್ತಿದ್ದೀನಿ.

ರೋಗ ಬೇರೆ, ಉರಿಯೂತ ಬೇರೆ

1952ರಲ್ಲಿ ಅಮೆರಿಕದ ಸಲ್ಜ್‌ಬರ್ಗರ್ ಮತ್ತು ವಿಟನ್ ಎಂಬ ವೈದ್ಯರು, ಹೈಡ್ರೋಕಾರ್ಟಿಸೋನ್ ಜಾತಿಯ ಮುಲಾಮು ಹಚ್ಚಿದರೆ ಚರ್ಮದ ಉರಿಯೂತ ಇಳಿಯುತ್ತದೆ ಎಂದು ವರದಿ ಮಾಡಿದರು. ಚರ್ಮರೋಗದ ಚಿಕಿತ್ಸೆಯೇ ಆಮೇಲೆ ಬದಲಾಯಿತು. ಎಸ್ಜಿಮಾ, ಸೋರಿಯಾಸಿಸ್, ಅಲರ್ಜಿಯಿಂದ ಏಳುವ ದದ್ದು, ಇವಕ್ಕೆಲ್ಲ ಇವತ್ತಿಗೂ ಇದು ಮುಖ್ಯ ಔಷಧ.

ಇದರ ಕೆಲಸ ಸರಳ. ನಮ್ಮದೇ ರೋಗನಿರೋಧಕ ವ್ಯವಸ್ಥೆ ಚರ್ಮದಲ್ಲಿ ಗಲಾಟೆ ಎಬ್ಬಿಸಿದಾಗ ಅದನ್ನು ಸುಮ್ಮನಾಗಿಸುತ್ತದೆ. ಕೆಂಪು ಇಳಿಯುತ್ತದೆ, ನವೆ ನಿಲ್ಲುತ್ತದೆ. ಆದರೆ ಆ ಗಲಾಟೆ ಫಂಗಸ್‌ನಂಥ ಹೊರಗಿನ ಶತ್ರುವಿನ ವಿರುದ್ಧ ನಡೆಯುತ್ತಿದ್ದರೆ? ಆಗ ಈ ಕ್ರೀಮ್ ನಮ್ಮ ಕಾವಲುಗಾರನನ್ನೇ ಮಲಗಿಸಿದ ಹಾಗೆ. ಹೊರಗಿಂದ ನೋಡಿದರೆ ಎಲ್ಲ ವಾಸಿ, ಒಳಗೆ ಕಳ್ಳ ಆರಾಮಾಗಿದ್ದಾನೆ.

ಪರ್ಸೆಂಟ್ ನೋಡಿ ಮೋಸ ಹೋಗಬೇಡಿ

ಹೈಡ್ರೋಕಾರ್ಟಿಸೋನ್ 1 ಪರ್ಸೆಂಟ್, ಕ್ಲೋಬೆಟಾಸಾಲ್ 0.05 ಪರ್ಸೆಂಟ್. ಯಾವುದು ಸ್ಟ್ರಾಂಗ್? ಸಂಖ್ಯೆ ನೋಡಿದರೆ ಮೊದಲನೆಯದು ಅನ್ನಿಸುತ್ತೆ. ವಾಸ್ತವ ಪೂರ್ತಿ ಉಲ್ಟಾ. ಹೈಡ್ರೋಕಾರ್ಟಿಸೋನ್ ಸೌಮ್ಯ ವರ್ಗದ್ದು. ಕ್ಲೋಬೆಟಾಸಾಲ್ ಎಲ್ಲಕ್ಕಿಂತ ಪ್ರಬಲ ವರ್ಗಕ್ಕೆ ಸೇರಿದ್ದು. ಬೆಟಾಮೆಥಾಸೋನ್ ವ್ಯಾಲರೇಟ್, ಮೊಮೆಟಾಸೋನ್ ಕೂಡ ಸೌಮ್ಯವೇನಲ್ಲ, ಪ್ರಬಲವೇ. ಪರ್ಸೆಂಟ್ ಹೇಳುವುದು ಕ್ರೀಮಿನಲ್ಲಿ ಔಷಧ ಎಷ್ಟಿದೆ ಅಂತ ಮಾತ್ರ. ಅದರ ಶಕ್ತಿ ಎಷ್ಟು ಅಂತ ಅಲ್ಲ.

ಟ್ಯೂಬ್ ಮೇಲಿನ ಸಣ್ಣ ಅಕ್ಷರ ಓದುವಾಗ ಒಂದು ಸುಲಭ ಗುರುತು: ಹೆಸರಿನ ಕೊನೆಗೆ 'ಸೋನ್', 'ಸೋನೈಡ್', 'ಬೆಟಾಸಾಲ್' ಅಂತ ಬಂದರೆ ಬಹುತೇಕ ಅದು ಸ್ಟೀರಾಯ್ಡ್. ಕೀಟೊಕೊನಜೋಲ್, ಲುಲಿಕೊನಜೋಲ್ ಥರ 'ಕೊನಜೋಲ್' ಅಂತ ಬಂದರೆ ಫಂಗಸ್ ಔಷಧ. ಒಂದೇ ಟ್ಯೂಬಿನಲ್ಲಿ ಎರಡೂ ಇದ್ದರೆ ಡಾಕ್ಟರನ್ನು ಕೇಳದೆ ಹಚ್ಚಬೇಡಿ.

ಎಲ್ಲಾ ಚರ್ಮವೂ ಒಂದೇ ಅಲ್ಲ

1967ರಲ್ಲಿ ಫೆಲ್ಡ್‌ಮನ್ ಮತ್ತು ಮೈಬಾಕ್ ಎಂಬ ಸಂಶೋಧಕರು ದೇಹದ ಬೇರೆ ಬೇರೆ ಜಾಗಗಳಲ್ಲಿ ಹೈಡ್ರೋಕಾರ್ಟಿಸೋನ್ ಎಷ್ಟು ಒಳಗೆ ಇಳಿಯುತ್ತದೆ ಅಂತ ಅಳೆದರು. ಮುಂಗೈ ಒಳಭಾಗದಲ್ಲಿ ಇಳಿಯುವುದನ್ನು 1 ಅಂದುಕೊಂಡರೆ ಹಣೆಯಲ್ಲಿ ಸುಮಾರು 6, ದವಡೆಯಲ್ಲಿ 13, ಗಂಡಸರ ವೃಷಣದ ಚರ್ಮದಲ್ಲಿ 42. ಅಂಗಾಲಿನಲ್ಲಿ 1ಕ್ಕಿಂತ ಎಷ್ಟೋ ಕಡಿಮೆ.

ಅಂದರೆ ಅಂಗಾಲಿನ ದಪ್ಪ ಚರ್ಮಕ್ಕೆ ಬರೆದುಕೊಟ್ಟ ಕ್ರೀಮನ್ನು ಮುಖಕ್ಕೋ ತೊಡೆಸಂದಿಗೋ ಹಚ್ಚಿದರೆ ಅದು ಅದೇ ಔಷಧವಾಗಿ ಉಳಿಯುವುದಿಲ್ಲ. ಕಂಕುಳು, ತೊಡೆಸಂದಿನಂಥ ಮಡಿಕೆಗಳಲ್ಲಿ ಬೆವರು ಬೇರೆ. ಮೇಲೆ ಪ್ಲಾಸ್ಟಿಕ್ ಸುತ್ತಿದರೂ, ಮಗುವಿಗೆ ಡೈಪರ್ ಹಾಕಿದರೂ ಔಷಧ ಇನ್ನಷ್ಟು ಒಳಗಿಳಿಯುತ್ತದೆ. ಮಕ್ಕಳ ಚರ್ಮ ತೆಳು, ದೇಹವೂ ಚಿಕ್ಕದು. ದೊಡ್ಡವರ ಟ್ಯೂಬು ಅವರಿಗೆ ಬೇಡವೇ ಬೇಡ. ಕಣ್ಣಿನ ಸುತ್ತ ಬಹುಕಾಲ ಹಚ್ಚಿದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರುವ ಅಪಾಯವಿದೆ.

ಅಳತೆಗೆ ಸ್ಪೂನ್ ಬೇಡ, ಬೆರಳು ಸಾಕು

"ತೆಳ್ಳಗೆ ಹಚ್ಚಿ" ಅಂತಾರೆ. ಎಷ್ಟು ತೆಳ್ಳಗೆ? ಇದಕ್ಕೆ ವೈದ್ಯರ ಹತ್ತಿರ 'ಫಿಂಗರ್‌ಟಿಪ್ ಯೂನಿಟ್' ಅನ್ನೋ ಅಳತೆ ಇದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಒಂದು ಗೆರೆ ಹಿಂಡಿದರೆ ಒಂದು ಯೂನಿಟ್. ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿದಂತೆ ಎರಡು ಅಂಗೈಯಗಲದ ಜಾಗಕ್ಕೆ ಇಷ್ಟು ಸಾಕು.

ಈಗ ಲೆಕ್ಕ ಹಾಕಿ. ಮೊಣಕಾಲಿನ ಹಿಂದೆ ಒಂದು ಅಂಗೈಯಗಲದ ಎಸ್ಜಿಮಾ ಇದೆ. ದಿನಕ್ಕೆ ಒಂದು ಸಲ, ಎರಡು ವಾರ ಹಚ್ಚಿ ಅಂದಿದ್ದಾರೆ. ಒಂದು ಸಲಕ್ಕೆ ಕಾಲು ಗ್ರಾಂ, 14 ದಿನಕ್ಕೆ ಮೂರೂವರೆ ಗ್ರಾಂ. ಆದರೆ ನೀವು ತಂದ ಟ್ಯೂಬು 15 ಗ್ರಾಂನದ್ದು. ಉಳಿದ ಹನ್ನೊಂದೂವರೆ ಗ್ರಾಂ ಎಲ್ಲಿ ಹೋಗುತ್ತೆ?

ಉಳಿದ ಟ್ಯೂಬಿನ ಕಥೆ

ಅದು ತಮ್ಮನ ತೊಡೆಸಂದಿಗೆ ಹೋಗುತ್ತೆ. ಜಿಮ್, ಬಿಗಿ ಜೀನ್ಸ್, ಬೆವರು, ಅಲ್ಲೊಂದು ಹುಳುಕಡ್ಡಿ. ಅದು ಫಂಗಸ್. ಸ್ಟೀರಾಯ್ಡ್ ಹಚ್ಚಿದ ಕೂಡಲೇ ನವೆ ನಿಲ್ಲುತ್ತೆ, ಬಿಟ್ಟ ಕೂಡಲೇ ಇನ್ನಷ್ಟು ಅಗಲವಾಗಿ ಬರುತ್ತೆ. ಗುಂಡಗಿನ ಅಂಚು ಮಾಯವಾಗಿ ಡಾಕ್ಟರಿಗೂ ಗುರುತು ಹಿಡಿಯೋದು ಕಷ್ಟವಾಗುತ್ತೆ. ಇದಕ್ಕೆ 'ಟೀನಿಯಾ ಇನ್‌ಕಾಗ್ನಿಟೊ' ಅಂತಲೇ ಹೆಸರಿದೆ, ಅಂದರೆ ವೇಷ ಮರೆಸಿಕೊಂಡ ಹುಳುಕಡ್ಡಿ. ನನ್ನ ಟೀಮಿನ ಹುಡುಗನೊಬ್ಬ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ 'ಮೂರೂ ಸೇರಿದ' ಕ್ರೀಮನ್ನು ತಿಂಗಳುಗಟ್ಟಲೆ ಹಚ್ಚಿದ್ದ. ಫಂಗಸ್ ಕೊನೆಗೆ ಮಾತ್ರೆಗೆ ಬಗ್ಗಿತು. ತೊಡೆಯ ಮೇಲಿನ ಗೀರುಗಳು ಮಾತ್ರ ಹಾಗೇ ಇವೆ. ಚರ್ಮ ತೆಳ್ಳಗಾಗಿ ಬಿದ್ದ ಆ ಗೀರು ಮಾಸಬಹುದು, ಪೂರ್ತಿ ಹೋಗುವುದಿಲ್ಲ.

ಇಲ್ಲವೇ ಅದು ಅಕ್ಕನ ಮುಖಕ್ಕೆ ಹೋಗುತ್ತೆ. ಮದುವೆಗೆ ಮೊದಲು ಹಚ್ಚಿದರೆ ಮುಖ ಬೆಳ್ಳಗಾಗುತ್ತೆ ಅಂತ ಯಾರೋ ಹೇಳಿರ್ತಾರೆ. ಕೆಲವು ವಾರ ನಿಜಕ್ಕೂ ಹೊಳೆಯುತ್ತೆ. ಆಮೇಲೆ ಮೊಡವೆ, ಸಣ್ಣ ರಕ್ತನಾಳಗಳ ಕೆಂಪು ಗೆರೆ, ಕೆನ್ನೆ ಮೇಲೆ ಕೂದಲು. ನಿಲ್ಲಿಸಿದರೆ ಉರಿ, ಹಚ್ಚಿದರೆ ನೆಮ್ಮದಿ. ಹೀಗೆ ಬಿಡಲಾಗದೆ ಕೆಟ್ಟ ಮುಖಕ್ಕೆ ನಮ್ಮ ದೇಶದ ಚರ್ಮತಜ್ಞರು 'ಟಾಪಿಕಲ್ ಸ್ಟೀರಾಯ್ಡ್ ಡ್ಯಾಮೇಜ್ಡ್ ಫೇಸ್' ಅಂತ ಹೆಸರಿಟ್ಟಿದ್ದಾರೆ. ಅವರ ಸಂಘ ಐಎಡಿವಿಎಲ್ ಈ ದುರ್ಬಳಕೆಯ ವಿರುದ್ಧ ಒಂದು ಕಾರ್ಯಪಡೆಯನ್ನೇ ಕಟ್ಟಿದೆ.

ಕಾನೂನೂ ಇದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಎಂದಿತು. ಟ್ಯೂಬಿನ ಮೇಲೆ ಕೆಂಪು ಗೆರೆ ಇದ್ದರೆ ಅರ್ಥ ಅದೇ: ಡಾಕ್ಟರ್ ಹೇಳದೆ ಮುಟ್ಟಬೇಡಿ. ಕೌಂಟರಿನಲ್ಲಿ ಚೀಟಿ ಕೇಳದೆ ಕೊಟ್ಟುಬಿಡುವವರು ಇದ್ದೇ ಇದ್ದಾರೆ. ಕೆಂಪು ಗೆರೆ ನೋಡುವ ಅಭ್ಯಾಸ ನಮಗಿರಲಿ.

ನಿಲ್ಲಿಸುವುದೂ ಚಿಕಿತ್ಸೆಯೇ

ಹಾಗಂತ ಹೆದರಿ ಅರ್ಧಕ್ಕೆ ಬಿಡಬೇಡಿ. ಸರಿಯಾದ ಶಕ್ತಿಯದ್ದನ್ನು, ಸರಿಯಾದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಚರ್ಮ ತೆಳ್ಳಗಾಗುವ ಭಯ ತೀರಾ ಕಡಿಮೆ. ಸಾಮಾನ್ಯವಾಗಿ ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಸಲ. ಪದೇ ಪದೇ ಹಚ್ಚಿದರೆ ಬೇಗ ವಾಸಿಯಾಗುವುದಿಲ್ಲ. ಕ್ಲೋಬೆಟಾಸಾಲ್‌ನಂಥ ಅತಿ ಪ್ರಬಲ ಔಷಧಕ್ಕೆ ಸಾಮಾನ್ಯ ಮಿತಿ ಒಟ್ಟಿಗೆ ಎರಡು ವಾರ, ವಾರಕ್ಕೆ 50 ಗ್ರಾಂ ಮೀರದಂತೆ. ಅದೂ ವೈದ್ಯರ ಕಣ್ಣಳತೆಯಲ್ಲಿ.

ಮಾಯಿಶ್ಚರೈಸರ್ ಬಿಡಲೇಬೇಡಿ. ಎಸ್ಜಿಮಾ ಇದ್ದವರಿಗೆ ಅದೇ ದಿನನಿತ್ಯದ ಊಟ, ಸ್ಟೀರಾಯ್ಡ್ ಕಾಯಿಲೆ ಬಂದಾಗಿನ ಔಷಧ. ಎರಡರ ನಡುವೆ ಒಂದಿಪ್ಪತ್ತು ನಿಮಿಷ ಅಂತರ ಕೊಡಿ. ಹಚ್ಚಿದ ಮೇಲೆ ಕೈ ತೊಳೆಯಿರಿ, ಕೈಗೇ ಹಚ್ಚಿದ್ದರೆ ಬೇಡ.

ತಿಂಗಳುಗಟ್ಟಲೆ ಹಚ್ಚಿದ್ದವರು ಈ ಲೇಖನ ಓದಿ ಗಾಬರಿಯಾಗಿ ಇವತ್ತೇ ಒಮ್ಮೆಲೇ ನಿಲ್ಲಿಸಬೇಡಿ. ಕಾಯಿಲೆ ದುಪ್ಪಟ್ಟಾಗಿ ಮರಳಬಹುದು, ಸೋರಿಯಾಸಿಸ್ ಇದ್ದವರಿಗಂತೂ ಇದು ಅಪಾಯ. ಹೇಗೆ ಇಳಿಸಬೇಕೆಂದು ಡಾಕ್ಟರ್ ಹೇಳುತ್ತಾರೆ. ಎರಡು ವಾರವಾದರೂ ಗುಣ ಕಾಣದಿದ್ದರೆ, ಕೀವು, ಜ್ವರ, ನೋವಿನ ಸಣ್ಣ ಗುಳ್ಳೆಗಳು ಎದ್ದರೆ ಕಾಯದೆ ಹೋಗಿ ತೋರಿಸಿ.

ಮುಂದಿನ ಸಲ ಚೀಟಿ ಕೈಗೆ ಬಂದಾಗ ಎದ್ದು ಬರುವ ಮುನ್ನ ಐದು ಪ್ರಶ್ನೆ ಕೇಳಿ. ಇದು ಎಷ್ಟು ಪ್ರಬಲ? ಯಾವ ಜಾಗಕ್ಕೆ ಮಾತ್ರ? ಒಂದು ಸಲಕ್ಕೆ ಎಷ್ಟು ಬೆರಳ ತುದಿ? ಎಷ್ಟು ದಿನ? ಮತ್ತೆ ಬಂದರೆ ಇದನ್ನೇ ಹಚ್ಚಬಹುದಾ? ಉತ್ತರಗಳನ್ನು ಟ್ಯೂಬಿನ ಡಬ್ಬಿ ಮೇಲೇ ಪೆನ್ನಿನಲ್ಲಿ ಬರೆದಿಡಿ: ನಿಮ್ಮ ಹೆಸರು, ಜಾಗ, ನಿಲ್ಲಿಸಬೇಕಾದ ತಾರೀಖು. ಉಳಿದ ಹನ್ನೊಂದೂವರೆ ಗ್ರಾಂ ಯಾರದ್ದು ಅಂತ ಮನೆಯವರಿಗೆಲ್ಲ ಗೊತ್ತಿರಲಿ.