ಕಲ್ಲಿನೊಳಗೆ ಕೂಡಿಟ್ಟ ಗಾಳಿ

ಕಲ್ಲಿನ ಮರಿಗೆಯಲ್ಲಿ ಮಾಡಿದ ಸಾರು ಒಲೆಯಿಂದ ಇಳಿಸಿದ ಮೇಲೂ ಕೊತಕೊತ ಕುದಿಯುತ್ತಲೇ ಇರುತ್ತದೆ. ಸುಳ್ಯ ತಾಲೂಕಿನ ಅರಂತೋಡು, ತೊಡಿಕಾನ, ಸಂಪಾಜೆ ಕಡೆಯ ಹಳೆಯ ಅಡುಗೆಮನೆಗಳಿಗೆ ಇದೇನೂ ಹೊಸತಲ್ಲ. ಆದರೆ ಅದೇ ಜಾತಿಯ ಬಳಪದ ಕಲ್ಲು ಈಗ ಫಿನ್ಲೆಂಡಿನ ಒಂದು ಊರನ್ನು ಬೆಚ್ಚಗಿಡುತ್ತಿದೆ. ಒಲೆ ಉರಿಸಿ ಅಲ್ಲ, ಗಾಳಿ ಬಿಸಿಲುಗಳಿಂದ ಹುಟ್ಟಿದ ಕರೆಂಟಿನಿಂದ!

ಊರಿನ ಹೆಸರು ಪೋರ್ನಾಯ್ನೆನ್. 2025ರಲ್ಲಿ ಅಲ್ಲಿ ಪೋಲಾರ್ ನೈಟ್ ಎನರ್ಜಿ ಎಂಬ ಕಂಪನಿ ಸುಮಾರು 13 ಮೀಟರ್ ಎತ್ತರ, 15 ಮೀಟರ್ ಅಗಲದ ಒಂದು ದೊಡ್ಡ ಡ್ರಮ್ಮು ನಿಲ್ಲಿಸಿತು. ಒಳಗೆ ಏನಿದೆ ಗೊತ್ತೇ? ಸುಮಾರು 2,000 ಟನ್ ಬಳಪದ ಕಲ್ಲಿನ ಪುಡಿ! ಅದನ್ನು ಇದಕ್ಕಾಗಿಯೇ ಅಗೆದು ತಂದದ್ದೂ ಅಲ್ಲ. ಅಗ್ಗಿಷ್ಟಿಕೆ ತಯಾರಿಸುವ ಕಾರ್ಖಾನೆಯಲ್ಲಿ ಕಲ್ಲು ಕೊರೆದು ಉಳಿದ ಚೂರುಪಾರು. 1117ರ ಬೇಲೂರಿನ ಚೆನ್ನಕೇಶವನ ಗುಡಿಯಲ್ಲಿ ಶಿಲ್ಪಿಗಳ ಉಳಿಗೆ ಬೆಣ್ಣೆಯಂತೆ ಒಲಿದ ಕಲ್ಲಿನ ಬಂಧು ಇದು. ಹೊಯ್ಸಳರಿಗೆ ಅದರ ಮೃದುತ್ವ ಬೇಕಿತ್ತು, ಫಿನ್ಲೆಂಡಿನವರಿಗೆ ಅದು ಬಿಸಿ ಹಿಡಿದಿಟ್ಟುಕೊಳ್ಳುವ ಗುಣ ಬೇಕಾಯಿತು.

ಕೆಲಸ ನಡೆಯುವ ರೀತಿ ನೋಡಿ. ಗ್ರಿಡ್ಡಿನಲ್ಲಿ ಕರೆಂಟು ಹೆಚ್ಚಾಗಿ ಅದರ ದರ ಬಿದ್ದಾಗ ತಂತಿಯ ಸುರುಳಿಗಳು ಕೆಂಪಗೆ ಕಾಯುತ್ತವೆ. ಒಂದು ಬ್ಲೋವರ್ ಆ ಬಿಸಿಯ ಮೇಲೆ ಗಾಳಿ ಹಾಯಿಸಿ, ಕಲ್ಲಿನ ರಾಶಿಯ ನಡುವೆ ಹುಗಿದ ಪೈಪುಗಳಲ್ಲಿ ತಿರುಗಿಸುತ್ತದೆ. ಕಲ್ಲು ಕಾಯುತ್ತ ಹೋಗುತ್ತದೆ, ನೂರು, ಇನ್ನೂರು, ನಾನೂರು ಡಿಗ್ರಿ... ಸುತ್ತ ದಪ್ಪ ಶಾಖನಿರೋಧಕ ಹೊದಿಕೆ ಇರುವುದರಿಂದ ಆ ಬಿಸಿ ವಾರಗಟ್ಟಲೆ ಒಳಗೇ ಉಳಿಯುತ್ತದೆ. ಬೇಕೆಂದಾಗ ಅದೇ ಗಾಳಿಯನ್ನು ಮತ್ತೆ ಹಾಯಿಸಿದರೆ ಆಯಿತು, ಕೂಡಿಟ್ಟ ಶಾಖ ಹೊರಗೆ ಬರುತ್ತದೆ. ಹೀಗೆ ಹಿಡಿದಿಡುವುದು 100 ಮೆಗಾವಾಟ್-ಗಂಟೆ, ಅಂದರೆ ನಮ್ಮ ಕರೆಂಟು ಬಿಲ್ಲಿನ ಲೆಕ್ಕದಲ್ಲಿ ಒಂದು ಲಕ್ಷ ಯೂನಿಟ್!

ಇಷ್ಟೊಂದು ಶಕ್ತಿ ಬರೀ ಕಲ್ಲಿನಲ್ಲಿ ಹೇಗೆ ಹಿಡಿಸಿತು? ತೂಕಕ್ಕೆ ತೂಕ, ಡಿಗ್ರಿಗೆ ಡಿಗ್ರಿ ಹೋಲಿಸಿದರೆ ಕಲ್ಲು ಹಿಡಿಯುವ ಶಾಖ ನೀರಿನ ಐದನೆಯ ಒಂದರಷ್ಟು, ಹೆಚ್ಚೆಂದರೆ ನಾಲ್ಕನೆಯ ಒಂದು. ಆದರೆ ನೀರು ನೂರು ಡಿಗ್ರಿಗೆ ಕುದಿದು ಆವಿಯಾಗಿ ಹೋಗುತ್ತದೆ, ಕಲ್ಲು ಹೋಗುವುದಿಲ್ಲ. ಮರಳೂ ಕಲ್ಲಿನ ಪುಡಿಯೇ. ಒಂದು ಟನ್ ಮರಳನ್ನು 500 ಡಿಗ್ರಿಯಷ್ಟು ಬಿಸಿಯೇರಿಸಿದರೆ ಅದರಲ್ಲಿ ಸುಮಾರು 110 ಯೂನಿಟ್ ಕೂತಿರುತ್ತದೆ. ಲಿಥಿಯಂ ಬೇಡ, ಕೋಬಾಲ್ಟ್ ಬೇಡ. ಮರಳು ಸಾಕು!

ಇನ್ನೂ ಬೆರಗಿನ ಸಂಗತಿಯೆಂದರೆ, ಈ ಉಪಾಯ ನಮ್ಮ ರಾಜ್ಯದಲ್ಲೇ ಹಗಲೂ ರಾತ್ರಿ ಕೆಲಸ ಮಾಡುತ್ತಿದೆ. ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಊದುಕುಲುಮೆಗಳ ಪಕ್ಕದಲ್ಲಿ ನಿಂತಿರುವ ಗುಮ್ಮಟದ ಗೋಪುರಗಳ ತುಂಬ ತೂತು ತೂತಿನ ಇಟ್ಟಿಗೆ. ಮೊದಲು ಅನಿಲ ಉರಿಸಿ ಆ ಇಟ್ಟಿಗೆ ಕಾಯಿಸುತ್ತಾರೆ, ಆಮೇಲೆ ಅದರ ನಡುವೆ ಗಾಳಿ ನುಗ್ಗಿಸುತ್ತಾರೆ. ಗಾಳಿ ಹೊರಗೆ ಬರುವಾಗ ಸಾವಿರ ಡಿಗ್ರಿ ದಾಟಿರುತ್ತದೆ. ಕೌಪರ್ ಎಂಬ ಇಂಗ್ಲಿಷ್ ಎಂಜಿನಿಯರ್ 1857ರಲ್ಲಿ ಪೇಟೆಂಟ್ ಪಡೆದ ಒಲೆ ಇದು. ಕ್ಯಾಲಿಫೋರ್ನಿಯಾದ ರೊಂಡೊ ಕಂಪನಿ ಮಾಡಿದ್ದು ಇಷ್ಟೇ: ಅನಿಲ ತೆಗೆದು ಕರೆಂಟಿನ ತಂತಿ ಇಟ್ಟಿತು. 2023ರಲ್ಲಿ ಒಂದು ಎಥನಾಲ್ ಕಾರ್ಖಾನೆಗೆ ಅಂಥ ಇಟ್ಟಿಗೆಯ ಬಿಸಿಯಿಂದಲೇ ಹಬೆ ಕೊಡತೊಡಗಿತು.

ಒಂದು ಮಾತು ಮಾತ್ರ ಮರೆಯಬಾರದು. ಈ ಶಾಖವನ್ನು ತಿರುಗಿ ಕರೆಂಟು ಮಾಡಹೊರಟರೆ ಅರ್ಧಕ್ಕಿಂತ ಹೆಚ್ಚು ಕೈತಪ್ಪುತ್ತದೆ. ಶಾಖವನ್ನು ಶಾಖವಾಗಿಯೇ ಬಳಸಿದರೆ ಬಹುಪಾಲು ದಕ್ಕುತ್ತದೆ. ಹಾಗಾದರೆ ಬಿಸಿಯೇ ಬೇಕಾದ ಊರು ಯಾವುದು?

ಅರಂತೋಡೇ! ಸುಳ್ಯ ತಾಲೂಕಿನ ರಬ್ಬರ್ ತೋಟಗಳಲ್ಲಿ ಹಾಲು ಹೆಪ್ಪುಗಟ್ಟಿಸಿ, ರೋಲರಿನಲ್ಲಿ ಒತ್ತಿದ ಶೀಟುಗಳು ಹೊಗೆಗೂಡಿನ ಬಿದಿರಿಗೆ ನೇತಾಡುತ್ತವೆ. ಕೆಳಗೆ ಸೌದೆ ಉರಿಯುತ್ತಿರುತ್ತದೆ. ಬಿಳಿಯ ಶೀಟು ಜೇನಿನ ಬಣ್ಣಕ್ಕೆ ತಿರುಗಲು ನಾಲ್ಕಾರು ದಿನ ಬೇಕು, ಆದರೆ ಬೇಕಾದ ಬಿಸಿ ಬರೀ 50-60 ಡಿಗ್ರಿ. ಇನ್ನು ಅಡಿಕೆ. ಚಾಲಿಯಾಗಲು ಒಂದೂವರೆ ತಿಂಗಳ ಬಿಸಿಲು ಬೇಡುವ ಬೆಳೆ ಅದು. ಕೊಯ್ಲಿನ ಹೊತ್ತಿಗೆ ಮಳೆ ಹಿಡಿದುಕೊಂಡರೆ ಅಂಗಳದ ಅಡಿಕೆಗೆ ಬೂಸ್ಟು ಬರುವುದನ್ನು ಕಣ್ಣಾರೆ ನೋಡುತ್ತ ಕೂರಬೇಕು.

ಈಗ ಕರ್ನಾಟಕದ ನಕ್ಷೆ ತೆಗೆಯಿರಿ. ಜೂನಿನಿಂದ ಸೆಪ್ಟೆಂಬರ್ ತನಕ, ಪಯಸ್ವಿನಿ ಕೆಂಪಗೆ ಉಕ್ಕಿ ಹರಿಯುವಾಗ, ಸುಳ್ಯದಲ್ಲಿ ಸೂರ್ಯನ ಮುಖ ಕಾಣದಿರುವಾಗ, ಘಟ್ಟದಾಚೆ ಚಿತ್ರದುರ್ಗ, ಗದಗಗಳ ಗುಡ್ಡದ ಮೇಲೆ ಗಾಳಿಯಂತ್ರಗಳು ವರ್ಷದಲ್ಲೇ ಅತಿ ಹೆಚ್ಚು ರಭಸದಿಂದ ತಿರುಗುತ್ತಿರುತ್ತವೆ. ಎರಡೂ ಒಂದೇ ಮುಂಗಾರಿನ ಕೆಲಸ! ನಮ್ಮ ಬಿಸಿಲು ಕಸಿದುಕೊಂಡ ಗಾಳಿಯೇ ಅಲ್ಲಿ ಕರೆಂಟು ಹುಟ್ಟಿಸುತ್ತದೆ. ಮಳೆ ಬಿಟ್ಟ ಮೇಲೆ ಪಾವಗಡದ 2,050 ಮೆಗಾವಾಟಿನ ಸೋಲಾರ್ ಪಾರ್ಕಿನ ನಡುಮಧ್ಯಾಹ್ನದ ಕರೆಂಟಿದೆ.

ಅದನ್ನು ಮರಳಿನಲ್ಲಿ ಬಿಸಿಯಾಗಿ ಕೂಡಿಟ್ಟು ರಬ್ಬರ್ ಶೀಟು, ಅಡಿಕೆ ಒಣಗಿಸಬಹುದಲ್ಲ? ಅದಕ್ಕೆ ಆ ಹೊತ್ತಿನ ಕರೆಂಟು ರೈತನಿಗೆ ಅಗ್ಗವಾಗಿ ಸಿಗಬೇಕು, ಗಟ್ಟಿಯಾದ ಮೂರು ಫೇಸ್ ಲೈನು ತೋಟದ ತನಕ ಬರಬೇಕು. ಇವೆರಡೂ ಸಣ್ಣ ಷರತ್ತುಗಳಲ್ಲ. ಆದರೆ ಒಂದು ಲೀಟರ್ ನೀರನ್ನು ಆವಿ ಮಾಡಲು ಬೇಕಾದದ್ದು ಸುಮಾರು ಮುಕ್ಕಾಲು ಯೂನಿಟ್. ಬಿಸಿಗಾಳಿಯ ಜೊತೆ ಅರ್ಧ ಶಾಖ ಹಾರಿಹೋದರೂ, ಒಂದು ಟನ್ ಕಾದ ಮರಳು ಎಪ್ಪತ್ತು ಲೀಟರಿನಷ್ಟು ತೇವ ಓಡಿಸೀತು. ಒಂದು ಹೊಗೆಗೂಡಿನ ಪಕ್ಕ ಮೂರ್ನಾಲ್ಕು ಟನ್ನಿನ ತೊಟ್ಟಿ ಕಟ್ಟಿ ನೋಡಲು ದೊಡ್ಡ ಕಾರ್ಖಾನೆ ಬೇಕಿಲ್ಲ. ವಿಟ್ಲದಲ್ಲಿ ಅಡಿಕೆಯ ಸಂಶೋಧನಾ ಕೇಂದ್ರವಿದೆ, ಸುಳ್ಯದಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಮುಂದಿನ ಮಳೆಗಾಲಕ್ಕೆ ಮೊದಲೇ ಶುರುಮಾಡಬಹುದು.